ಇಲಿಗಿಂತ ಮೊದಲು ಬಾಯಿಬಿಟ್ಟ ನಾಯಿ

ಇಂಜಿನಿಯರಿಂಗ್ ಓದುವಾಗ ನಮ್ಮದೊಂದು ಕ್ವಿಜ್ ತಂಡ ಇತ್ತು. ಇಬ್ಬರೇ ಜನ. ಒಂದು ಅಂತರ ಕಾಲೇಜು ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಒಂದು ಪ್ರಶ್ನೆ ಬಂತು: ಚಿತ್ರಕ್ಕೆ ಸರಿಯಾಗಿ ಧ್ವನಿ ಹೊಂದಿಸಿದ ಮೊತ್ತಮೊದಲ ಕಾರ್ಟೂನ್ ಯಾವುದು? ಪ್ರಶ್ನೆ ಮುಗಿಯೋ ಮೊದಲೇ ಬಜರ್ ಒತ್ತಿ, ಎದೆಯುಬ್ಬಿಸಿ ಹೇಳಿದೆ, "ಸ್ಟೀಮ್‌ಬೋಟ್ ವಿಲ್ಲಿ, 1928, ವಾಲ್ಟ್ ಡಿಸ್ನಿ". ಹತ್ತು ಅಂಕ. ನಾವು ಗೆದ್ದಿದ್ದೂ ಆ ಹತ್ತು ಅಂಕದಿಂದಲೇ. ಬಹುಮಾನವಾಗಿ ಕೊಟ್ಟ ಗೋಡೆ ಗಡಿಯಾರ ಇವತ್ತಿಗೂ ನಮ್ಮನೆ ಹಜಾರದಲ್ಲಿ ಐದು ನಿಮಿಷ ಮುಂದೆ ಓಡ್ತಾ ಇದೆ.

ಮೊನ್ನೆ ಒಂದು ರಾತ್ರಿ ನಿದ್ದೆ ಬರದೆ ಏನೇನೋ ಹಳೇ ಚಿತ್ರಗಳನ್ನು ನೋಡ್ತಾ ಕೂತಿದ್ದಾಗ ಗೊತ್ತಾಯ್ತು, ಆ ಗಡಿಯಾರ ನಮಗೆ ಸಲ್ಲಬೇಕಾದದ್ದಲ್ಲ ಅಂತ!

ನಾನು ನೋಡಿದ್ದು 1926ರ ಒಂದು ಕಪ್ಪು ಬಿಳುಪು ಕಾರ್ಟೂನ್. ಹೆಸರು "ಮೈ ಓಲ್ಡ್ ಕೆಂಟಕಿ ಹೋಮ್". ಆರೇಳು ನಿಮಿಷ ಇದ್ದೀತು. ಅದರಲ್ಲೊಂದು ನಾಯಿ. ಎರಡು ಕಾಲಿನ ಮೇಲೆ ಮನುಷ್ಯರ ಹಾಗೇ ಓಡಾಡಿಕೊಂಡಿರೋ ನಾಯಿ. ಅದು ಇದ್ದಕ್ಕಿದ್ದ ಹಾಗೆ ನಮ್ಮ ಕಡೆ ತಿರುಗಿ ಬಾಯಿ ಬಿಟ್ಟು ಮಾತಾಡುತ್ತೆ. ಚೆಂಡನ್ನೇ ನೋಡ್ತಾ ಎಲ್ಲರೂ ದನಿ ಸೇರಿಸಿ ಅಂತ ಕರೆಯುತ್ತೆ. ತುಟಿ ಅಲುಗುವುದಕ್ಕೂ ಮಾತಿಗೂ ಹೊಂದಿಕೆ ಇದೆ. ಆಮೇಲೆ ಪರದೆ ಕಪ್ಪಾಗಿ, ಬಿಳಿ ಅಕ್ಷರದಲ್ಲಿ ಹಾಡಿನ ಸಾಲು ಮೂಡುತ್ತೆ, ಆ ಸಾಲಿನ ಮೇಲೆ ಒಂದು ಬಿಳಿ ಚೆಂಡು ಪದದಿಂದ ಪದಕ್ಕೆ ಪುಟಿಯುತ್ತಾ ಹೋಗುತ್ತೆ. ರಾತ್ರಿ ಒಂದೂವರೆ ಗಂಟೆಗೆ ನಾನೊಬ್ಬನೇ ಕೂತು, ಜೀವಮಾನದಲ್ಲಿ ಒಂದು ಸಲವೂ ಕೇಳದ ಆ ಹಾಡನ್ನು ಗುನುಗ್ತಾ ಇದ್ದೆ. ಎರಡನೇ ಸಾಲಿಗಾಗಲೇ ತಾಳ ತಪ್ಪುತ್ತಿರಲಿಲ್ಲ.

ಸ್ಟೀಮ್‌ಬೋಟ್ ವಿಲ್ಲಿಗಿಂತ ಎರಡು ವರ್ಷ ಮೊದಲು. ಇಲಿಗಿಂತ ಮೊದಲು ನಾಯಿ!

"ಮೊದಲು" ಅನ್ನೋದು ಜಾರು ಪದ ಅಂತ ನನಗೂ ಗೊತ್ತು. ಯಾವುದನ್ನೇ ಮೊದಲು ಅಂದರೂ ಅದಕ್ಕಿಂತ ಹಿಂದಿನದೊಂದು ಎಲ್ಲೋ ಅಟ್ಟದ ಮೇಲೆ ಸಿಕ್ಕೇ ಸಿಗುತ್ತೆ. ಅದಲ್ಲ ನನಗೆ ಕುತೂಹಲ. ಆ ಚೆಂಡಿನ ಕಥೆ ಹುಡುಕುತ್ತಾ ಹೋದವನಿಗೆ ಕೊನೆಗೆ ಆ ಚೆಂಡು ಸಿಕ್ಕಿದ್ದು ಸ್ಟೀಮ್‌ಬೋಟ್ ವಿಲ್ಲಿಯ ಹೊಟ್ಟೆಯೊಳಗೆ. ಅದನ್ನೇ ಹೇಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕಾಫಿ ತಗೊಂಡು ಕೂತ್ಕೊಳ್ಳಿ.

ಸಿನಿಮಾ ಹುಟ್ಟುವ ಹೊತ್ತಿಗೇ ಅಮೆರಿಕದಲ್ಲಿ ಎಲ್ಲರೂ ಸೇರಿ ಹಾಡುವ ಒಂದು ಆಟ ಇತ್ತು. ಗಾಜಿನ ಸ್ಲೈಡುಗಳ ಮೇಲೆ ಚಿತ್ರಗಳನ್ನು ತೆಗೆದು, ಕೈಯಲ್ಲೇ ಬಣ್ಣ ಹಚ್ಚಿ, ಲಾಟೀನಿನ ಬೆಳಕಲ್ಲಿ ಪರದೆಗೆ ಬಿಡುತ್ತಿದ್ದರು. ಪಕ್ಕದಲ್ಲಿ ಒಬ್ಬ ಗಾಯಕ, ಒಂದು ಪಿಯಾನೋ. ಹಾಡಿನ ಕಥೆಗೆ ತಕ್ಕಂತೆ ಒಂದೊಂದೇ ಸ್ಲೈಡು ಬದಲಾಗುತ್ತೆ. ಕೊನೆಯ ಸ್ಲೈಡಿನಲ್ಲಿ ಪಲ್ಲವಿ ಬರೆದಿರುತ್ತೆ, ಆಗ ಸಭೆಯವರೆಲ್ಲ ಸೇರಿ ಹಾಡಬೇಕು. 1894ರಲ್ಲಿ "ದಿ ಲಿಟಲ್ ಲಾಸ್ಟ್ ಚೈಲ್ಡ್" ಅನ್ನೋ ಹಾಡಿಗೆ ಬ್ರೂಕ್ಲಿನ್ನಿನ ಜಾರ್ಜ್ ಥಾಮಸ್ ಅನ್ನುವ ಎಲೆಕ್ಟ್ರಿಷಿಯನ್ ಮಾಡಿದ ಸ್ಲೈಡುಗಳಿಂದ ಇದು ಜೋರಾಯಿತಂತೆ. ಇಪ್ಪತ್ತನೇ ಶತಮಾನದ ಮೊದಲ ಹತ್ತು ವರ್ಷ, ಐದು ಸೆಂಟಿಗೆ ಸಿನಿಮಾ ತೋರಿಸುವ ಪುಟ್ಟ ಪುಟ್ಟ ಮಂದಿರಗಳಲ್ಲಿ ರೀಲು ಬದಲಾಯಿಸುವ ಹೊತ್ತಿನಲ್ಲಿ ಜನರನ್ನು ಹಿಡಿದು ಕೂರಿಸೋದಕ್ಕೆ ಈ ಹಾಡಿನ ಸ್ಲೈಡೇ ಗತಿ.

ಇದರ ಹಿಂದೆ ಶುದ್ಧ ವ್ಯಾಪಾರ ಇತ್ತು ಅನ್ನಿ. ಗ್ರಾಮಾಫೋನು ಮನೆಮನೆಗೆ ಬರುವ ಮುಂಚೆ ಸಂಗೀತದ ದುಡ್ಡೆಲ್ಲ ಇದ್ದದ್ದು ಮುದ್ರಿಸಿದ ಸ್ವರಲಿಪಿಯ ಹಾಳೆಗಳಲ್ಲಿ. ಮಂದಿರದಲ್ಲಿ ಹಾಡಿ ಬಾಯಿಗೆ ಹತ್ತಿದ ಹಾಡಿನ ಹಾಳೆಯನ್ನು ಜನ ಹೊರಗೆ ಬಂದು ಕೊಳ್ಳುತ್ತಿದ್ದರು. ನಮ್ಮಲ್ಲಿ ಟಾಕೀಸಿನ ಮುಂದೆ ಚಿಲ್ಲರೆ ಕಾಸಿಗೆ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಗುಲಾಬಿ ಬಣ್ಣದ ತೆಳ್ಳನೆ ಕಾಗದದ್ದು, ಹಾಗೆ. ನಮ್ಮ ಪುಸ್ತಕದಲ್ಲಿ ಸ್ವರ ಇರುತ್ತಿರಲಿಲ್ಲ, ಬರೀ ಸಾಹಿತ್ಯ. ರಾಗ ಕಿವಿಯಲ್ಲಿ ಇರಬೇಕಿತ್ತು.

ಆದರೆ ಸ್ಲೈಡಿಗೆ ಒಂದು ದೊಡ್ಡ ತೊಂದರೆ. ಅಕ್ಷರಗಳು ಸುಮ್ಮನೆ ನಿಂತಿರುತ್ತವೆ. ಮುನ್ನೂರು ಜನ ಒಟ್ಟಿಗೆ ಹಾಡಬೇಕು ಅಂದರೆ ಒಬ್ಬ ಮುಂದೆ ಓಡುತ್ತಾನೆ, ಇನ್ನೊಬ್ಬ ಹಿಂದೆ ಎಳೆಯುತ್ತಾನೆ. ಮದುವೆ ಮನೆಯಲ್ಲಿ ಆರತಿ ಹಾಡು ಶುರುವಾದಾಗ ಆಗುತ್ತಲ್ಲ, ಅದೇ ಪಾಡು.

ಈಗ ನಮ್ಮ ಕಥಾನಾಯಕ ಬರಲಿ. ಮ್ಯಾಕ್ಸ್ ಫ್ಲೈಶರ್. 1883ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ನ್ಯೂಯಾರ್ಕಿಗೆ ಬಂದ ಯಹೂದಿ ಕುಟುಂಬದ ಹುಡುಗ. ಪತ್ರಿಕೆಯಲ್ಲಿ ಚಿತ್ರ ಬಿಡಿಸುತ್ತಿದ್ದವನು ಆಮೇಲೆ "ಪಾಪ್ಯುಲರ್ ಸೈನ್ಸ್" ಮಾಸಪತ್ರಿಕೆಯ ಕಲಾ ಸಂಪಾದಕನಾದ. ಈ ಕೆಲಸ ಅವನನ್ನು ರೂಪಿಸಿತು ಅಂತ ನನ್ನ ಅನಿಸಿಕೆ. ದಿನಾ ಯಂತ್ರಗಳ ಒಳಭಾಗ ಬಿಡಿಸೋನು ಕ್ರಮೇಣ ಯಂತ್ರದ ಭಾಷೆಯಲ್ಲೇ ಯೋಚನೆ ಮಾಡೋದಕ್ಕೆ ಶುರು ಮಾಡ್ತಾನೆ. ಅವನು ಕಟ್ಟಿದ ಮೊದಲ ಯಂತ್ರ ರೋಟೋಸ್ಕೋಪು. ನಿಜವಾದ ಮನುಷ್ಯನ ಚಲನೆಯನ್ನು ಸಿನಿಮಾ ತೆಗೆದು, ಒಂದೊಂದೇ ಫ್ರೇಮನ್ನು ಗಾಜಿನ ಹಿಂದಿನಿಂದ ಬಿಟ್ಟು, ಅದರ ಮೇಲೆ ಕಾಗದ ಇಟ್ಟು ಗೆರೆ ಎಳೆಯೋದು. ಪೇಟೆಂಟು ಸಿಕ್ಕಿದ್ದು 1917ರಲ್ಲಿ. ತಮ್ಮ ಜೋ ಯಂತ್ರ ಕಟ್ಟೋಕೆ ಕೈ ಹಾಕಿದ, ಇನ್ನೊಬ್ಬ ತಮ್ಮ ಡೇವ್ ವಿದೂಷಕನ ವೇಷ ಹಾಕಿಕೊಂಡು ಕ್ಯಾಮೆರಾ ಮುಂದೆ ಕುಣಿದ. ಆ ಕುಣಿತದಿಂದ ಹುಟ್ಟಿದವನೇ ಕೊಕೊ ಎಂಬ ವಿದೂಷಕ, ಮಸಿ ಕುಡಿಕೆಯಿಂದ ಎದ್ದು ಬರೋನು. 1921ರ ಹೊತ್ತಿಗೆ ಅಣ್ಣ ತಮ್ಮಂದಿರದ್ದೇ ಒಂದು ಸ್ಟುಡಿಯೋ ಆಯಿತು. (1923ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಬಗ್ಗೆಯೂ ಒಂದು ಚಿತ್ರ ಮಾಡಿದ್ದಾರೆ ಈ ಮಹಾನುಭಾವರು! ಅದರ ಬಗ್ಗೆ ಇನ್ನೊಮ್ಮೆ.)

ಪಲ್ಲವಿ ಹಾಡುವ ಹಳೇ ಆಟವನ್ನು ಕಾರ್ಟೂನಿಗೆ ತರೋಣ ಅನ್ನುವ ಸಲಹೆ ಕೊಟ್ಟವನು ಚಾರ್ಲ್ಸ್ ಹ್ಯಾರಿಸ್ ಅಂತ ಹೇಳುತ್ತಾರೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ "ಆಫ್ಟರ್ ದಿ ಬಾಲ್" ಅನ್ನೋ ಹಾಡು ಬರೆದು ಭಾರೀ ದುಡ್ಡು ಮಾಡಿದವನು. ಹಾಗೆ 1924ರಲ್ಲಿ "ಸಾಂಗ್ ಕಾರ್-ಟ್ಯೂನ್ಸ್" ಸರಣಿ ಶುರುವಾಯಿತು. ಆಗಿನ್ನೂ ಮೂಕಿ ಚಿತ್ರಗಳ ಕಾಲ. "ಓ ಮೇಬಲ್" ಚಿತ್ರವನ್ನು ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ಲಿನ ಮಂದಿರದಲ್ಲಿ ತೋರಿಸಿದಾಗ ಜನ ಗಲಾಟೆ ಮಾಡಿ, ರೀಲನ್ನು ಹಿಂದಕ್ಕೆ ಸುತ್ತಿಸಿ ಮತ್ತೊಮ್ಮೆ ಹಾಕಿಸಿದರು ಅಂತ ಒಂದು ಕಥೆ ಇದೆ. ಮೂಕಿ ಚಿತ್ರಕ್ಕೆ ಒನ್ಸ್ ಮೋರ್!

ಸರಿ, ಆ ಚೆಂಡನ್ನು ಹೇಗೆ ಬರೆದರು? ಇಲ್ಲೇ ನಾನು ಬಿದ್ದು ಬಿದ್ದು ನಕ್ಕಿದ್ದು. ಬರೆದೇ ಇಲ್ಲ!

ಸೆಕೆಂಡಿಗೆ ಹದಿನಾರೋ ಇಪ್ಪತ್ತನಾಲ್ಕೋ ಚಿತ್ರದಂತೆ, ಪ್ರತಿ ಪದದ ಮೇಲೆ ಚೆಂಡು ಬರೆದಿದ್ದಾರೆ, ಎಂಥಾ ತಾಳ್ಮೆ ಅಂತ ಅಂದುಕೊಂಡಿದ್ದೆ. ವಿಷಯ ಏನಪ್ಪಾ ಅಂದ್ರೆ, ಹಾಡಿನ ಸಾಲುಗಳನ್ನು ಒಂದು ದೊಡ್ಡ ಪೀಪಾಯಿಯಂಥ ಉರುಳೆಗೆ ಅಂಟಿಸುತ್ತಿದ್ದರು. ಒಬ್ಬ ಅದನ್ನು ತಿರುಗಿಸಿ ಒಂದೊಂದೇ ಸಾಲನ್ನು ಮುಂದೆ ತರೋನು. ಇನ್ನೊಬ್ಬ ಕಪ್ಪು ಬಣ್ಣ ಬಳಿದ ಉದ್ದನೆ ಕೋಲಿನ ತುದಿಗೆ ಹೊಳೆಯುವ ಬಿಳಿ ಗುಂಡು ಸಿಕ್ಕಿಸಿಕೊಂಡು, ಕೈಗೆ ಕಪ್ಪು ಗವಸು ಹಾಕಿಕೊಂಡು, ಹಾಡು ಕೇಳ್ತಾ ಕೇಳ್ತಾ ಪದದಿಂದ ಪದಕ್ಕೆ ಅದನ್ನು ಕುಣಿಸೋನು. ಕಪ್ಪು ಬಿಳುಪಿನ ನಡುವೆ ಬೇರೇನನ್ನೂ ಉಳಿಸದ ಗಾಢ ಫಿಲ್ಮಿನಲ್ಲಿ ಅದನ್ನು ತೆಗೆದರೆ ಕೋಲು ಮಾಯ, ಗವಸು ಮಾಯ, ಚೆಂಡು ಮಾತ್ರ ಉಳಿಯುತ್ತೆ. ಆಮೇಲಿನ ವರ್ಷಗಳಲ್ಲಿ ಸ್ಟುಡಿಯೋದ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಮತ್ತೊಬ್ಬ ತಮ್ಮ ಲೂ ಫ್ಲೈಶರ್ ತಾನೇ ಕೋಲು ಹಿಡಿಯುತ್ತಿದ್ದನಂತೆ. ಸಂಗೀತ ಗೊತ್ತಿದ್ದವನೇ ಹಿಡಿಯಬೇಕಿತ್ತು, ಯಾಕೆಂದರೆ ಆ ಕೈಯೇ ತಾಳ. ನಮ್ಮ ಗೊಂಬೆಯಾಟದ ಸೂತ್ರಧಾರನನ್ನೇ ನೆನಪಿಸಿಕೊಳ್ಳಿ.

ಅಂದರೆ ಕಾರ್ಟೂನಿನ ನಟ್ಟನಡುವೆ, ಎಲ್ಲರೂ ನೋಡೋ ಜಾಗದಲ್ಲಿ, ಒಂದು ನಿಜವಾದ ಕೈ ಕೂತಿದೆ. ಯಾರಿಗೂ ಕಾಣೋದಿಲ್ಲ.

ಈ ಚೆಂಡಿನ ಬುದ್ಧಿವಂತಿಕೆ ಬಗ್ಗೆ ಇನ್ನೊಂದು ಮಾತು. ಈಗಿನ ಕರೋಕೆಯಲ್ಲಿ ಪದದ ಬಣ್ಣ ಬದಲಾಗುತ್ತೆ. ಬಣ್ಣ ಬದಲಾದಾಗ ನಮಗೆ ತಿಳಿಯೋದು "ಈಗ" ಅಂತ. ಅಷ್ಟು ಹೊತ್ತಿಗೆ ತಡ ಆಗಿರುತ್ತೆ, ಹಾಡು ಗೊತ್ತಿಲ್ಲದವನು ಯಾವಾಗಲೂ ಅರ್ಧ ಹೆಜ್ಜೆ ಹಿಂದೆ. ಚೆಂಡು ಹಾಗಲ್ಲ. ಅದು ಮೇಲೆ ಹೋದ ಎತ್ತರ ನೋಡಿದರೇ ಯಾವಾಗ ಕೆಳಗೆ ಬೀಳುತ್ತೆ ಅಂತ ಕಣ್ಣು ಲೆಕ್ಕ ಹಾಕಿಬಿಡುತ್ತೆ. ಹುಟ್ಟಿದಾಗಿನಿಂದ ಚೆಂಡಾಟ ಆಡಿದ ಕಣ್ಣುಗಳಲ್ವಾ? ಹಾಗಾಗಿ ಬರಲಿರೋ ಪದಕ್ಕೆ ನಾಲಿಗೆ ಮೊದಲೇ ತಯಾರಾಗಿರುತ್ತೆ. ಆಫೀಸಿನಲ್ಲಿ ಧ್ವನಿಗೂ ದೃಶ್ಯಕ್ಕೂ ನಡುವಿನ ಕೆಲವು ಮಿಲಿಸೆಕೆಂಡುಗಳ ಅಂತರ ಸರಿಪಡಿಸೋಕೆ ವಾರಗಟ್ಟಲೆ ಒದ್ದಾಡಿದವನು ನಾನು. ಕೋಲಿನ ತುದಿಯ ಗುಂಡಿಗೆ ಕೈ ಮುಗಿಯೋದು ಬಿಟ್ಟು ಬೇರೆ ದಾರಿ ಇಲ್ಲ.

ಇನ್ನೊಂದು ವಿಚಿತ್ರ ಗಮನಿಸಿ. ಮೂಕಿ ಕಾಲದಲ್ಲಿ ಮಂದಿರದ ವಾದ್ಯದವರು ಪರದೆ ನೋಡಿಕೊಂಡು ನುಡಿಸುತ್ತಿದ್ದರು. ಚೆಂಡು ಬಂದಾಗ ಜನರಷ್ಟೇ ಅಲ್ಲ, ಆರ್ಗನ್ ನುಡಿಸುವವನೂ ಅದನ್ನೇ ನೋಡಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಇಡೀ ಮಂದಿರದ ಕ್ಲಾಕ್ ಸಿಗ್ನಲ್! ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಧ್ವನಿ ಬಂದದ್ದು ಲೀ ಡಿ ಫಾರೆಸ್ಟ್‌ನಿಂದ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಟ್ರಯೋಡ್ ನೆನಪಿರಬಹುದು, ಆ ಪುಣ್ಯಾತ್ಮ. ಅವನ ಫೋನೋಫಿಲ್ಮ್ ಅನ್ನೋ ವಿಧಾನದಲ್ಲಿ ಧ್ವನಿಯನ್ನು ಬೆಳಕಿನ ಏರಿಳಿತವಾಗಿ ಬದಲಾಯಿಸಿ, ಫಿಲ್ಮಿನ ಅಂಚಿನಲ್ಲೇ ಸಣ್ಣ ಪಟ್ಟಿಯಾಗಿ ಅಚ್ಚು ಹಾಕುತ್ತಿದ್ದರು. ತಟ್ಟೆ ಬೇರೆ, ಚಿತ್ರ ಬೇರೆ ಅಂತಿಲ್ಲ. ಹಾಗಾಗಿ ಚಿತ್ರವೂ ಧ್ವನಿಯೂ ಒಂದನ್ನೊಂದು ಬಿಟ್ಟು ಓಡೋ ಹಾಗೇ ಇಲ್ಲ. 1923ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ಇದನ್ನು ಸಾರ್ವಜನಿಕವಾಗಿ ತೋರಿಸಿದ. ಆ ಮಂದಿರದ ಸಂಗೀತ ನೋಡಿಕೊಳ್ಳುತ್ತಿದ್ದ ಹ್ಯೂಗೋ ರೀಸೆನ್‌ಫೆಲ್ಡ್, ಡಿ ಫಾರೆಸ್ಟ್, ಮ್ಯಾಕ್ಸ್ ಮೊದಲಾದವರು ಸೇರಿ ರೆಡ್ ಸೀಲ್ ಅಂತ ವಿತರಣಾ ಕಂಪನಿ ಮಾಡಿಕೊಂಡರು. ಹತ್ತು ಹದಿನೈದಕ್ಕೂ ಹೆಚ್ಚು ಹಾಡಿನ ಕಾರ್ಟೂನುಗಳಿಗೆ ಧ್ವನಿ ಬಂತು. ನಮ್ಮ ನಾಯಿ ಮಾತಾಡಿದ್ದು ಆಗಲೇ.

ಮತ್ತೆ ಯಾಕೆ ಯಾರಿಗೂ ಗೊತ್ತಾಗಲಿಲ್ಲ? ಯಾಕೆಂದರೆ ಆ ಧ್ವನಿ ಕೇಳಿಸುವ ಯಂತ್ರ ಇದ್ದ ಮಂದಿರಗಳು ಕೆಲವೇ ಕೆಲವು. ಉಳಿದ ಕಡೆ ಅದೇ ಚಿತ್ರಗಳು ಮೂಕಿಯಾಗಿಯೇ ಓಡಿದವು. ಡಿ ಫಾರೆಸ್ಟ್ ತನ್ನ ಜೊತೆ ಕೆಲಸ ಮಾಡಿದ ಥಿಯೋಡೋರ್ ಕೇಸ್ ಜೊತೆ ಜಗಳ ಆಡಿಕೊಂಡ. ಕೇಸ್ ತನ್ನ ವಿದ್ಯೆಯನ್ನು ಫಾಕ್ಸ್ ಕಂಪನಿಗೆ ಒಯ್ದ. ದೊಡ್ಡ ಸ್ಟುಡಿಯೋಗಳು ಫೋನೋಫಿಲ್ಮಿನ ಕಡೆ ತಿರುಗಿಯೂ ನೋಡಲಿಲ್ಲ. 1926ರಲ್ಲಿ, ನಾಯಿ ಬಾಯಿಬಿಟ್ಟ ವರ್ಷವೇ, ರೆಡ್ ಸೀಲೂ ಮುಳುಗಿತು, ಫೋನೋಫಿಲ್ಮ್ ಕಂಪನಿಯೂ ಮುಳುಗಿತು. ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದೇನೂ ಹೊಸ ಕಥೆ ಅಲ್ಲ ಬಿಡಿ. ಉತ್ಪನ್ನ ಚೆನ್ನಾಗಿತ್ತು, ಕಾಲವೂ ಹೆಚ್ಚುಕಮ್ಮಿ ಸರಿಯಾಗೇ ಇತ್ತು, ಅದನ್ನು ಓಡಿಸೋ ಯಂತ್ರ ಗಿರಾಕಿಯ ಮನೆಯಲ್ಲಿರಲಿಲ್ಲ.

1927ರ ಅಕ್ಟೋಬರ್‌ನಲ್ಲಿ ವಾರ್ನರ್ ಸಹೋದರರ "ಜಾಝ್ ಸಿಂಗರ್" ಬಂತು. ಎಲ್ಲರಿಗೂ ಧ್ವನಿಯ ಹುಚ್ಚು ಹಿಡಿಯಿತು. 1928ರಲ್ಲಿ ಕ್ಯಾಲಿಫೋರ್ನಿಯಾದಿಂದ ಒಬ್ಬ ಇಪ್ಪತ್ತಾರು ವರ್ಷದ ಹುಡುಗ ಒಂದು ಇಲಿಯ ಕಾರ್ಟೂನು ಕಂಕುಳಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಬಂದ, ಅದಕ್ಕೆ ಧ್ವನಿ ಹಾಕಿಸೋಕೆ. ಅವನಿಗೆ ಸಿಕ್ಕವನು ಪ್ಯಾಟ್ ಪವರ್ಸ್ ಅನ್ನೋ ಮಹಾ ಚಾಲಾಕಿ. ಅವನ ಹತ್ತಿರ ಸಿನಿಫೋನ್ ಅನ್ನೋ ಅಗ್ಗದ ಧ್ವನಿಮುದ್ರಣ ವ್ಯವಸ್ಥೆ ಇತ್ತು. ಅದು ಏನು ಗೊತ್ತಾ? ಡಿ ಫಾರೆಸ್ಟ್ ಹತ್ತಿರ ಕೆಲಸ ಮಾಡಿದ್ದ ತಂತ್ರಜ್ಞನನ್ನೇ ಕರೆಸಿಕೊಂಡು ಮಾಡಿಸಿದ ಫೋನೋಫಿಲ್ಮಿನ ನಕಲು! ಕೋರ್ಟು ಕಚೇರಿ ಅಲೆದು ಸುಸ್ತಾಗಿದ್ದ ಡಿ ಫಾರೆಸ್ಟ್ ಪವರ್ಸ್ ಮೇಲೆ ದಾವೆ ಹೂಡೋ ಸ್ಥಿತಿಯಲ್ಲೂ ಇರಲಿಲ್ಲ.

ಸೆಪ್ಟೆಂಬರ್ 1928ರಲ್ಲಿ ಮೊದಲ ಮುದ್ರಣ. ಕಾರ್ಲ್ ಎಡ್ವಾರ್ಡ್ ಅನ್ನೋ ಹೆಸರಾಂತ ವಾದ್ಯವೃಂದ ನಿರ್ದೇಶಕ. ಪರದೆ ಮೇಲೆ ಚಿತ್ರ ಓಡ್ತಾ ಇರುತ್ತೆ, ಇವನು ಅದಕ್ಕೆ ಸರಿಯಾಗಿ ವಾದ್ಯದವರನ್ನು ನಡೆಸಬೇಕು. ಆಗಲೇ ಇಲ್ಲ. ಒಂದು ಕಡೆ ಇಲಿ ಮುಂದೆ, ಇನ್ನೊಂದು ಕಡೆ ವಾದ್ಯ ಮುಂದೆ. ದುಡ್ಡೆಲ್ಲ ನೀರಿನಂತೆ ಹೋಯಿತು. ಎರಡನೇ ಸಲಕ್ಕೆ ಹಣ ಹೊಂದಿಸೋಕೆ ಡಿಸ್ನಿ ತನ್ನ ಕಾರನ್ನು ಮಾರಿಸಬೇಕಾಯಿತು. ಆ ಎರಡನೇ ಸಲ ಅವರು ಮಾಡಿದ್ದೇನು? ನಿರ್ದೇಶಕ ನೋಡುವ ಪ್ರತಿಯ ಮೇಲೆ ಒಂದು ಪುಟಿಯುವ ಚೆಂಡನ್ನು ಮುದ್ರಿಸಿದರು. ಚೆಂಡು ಬಿದ್ದಾಗ ತಾಳ ಬೀಳಬೇಕು. ಎಡ್ವಾರ್ಡ್ ಚೆಂಡು ನೋಡ್ತಾ ಕೈ ಆಡಿಸಿದ, ಎಲ್ಲಾ ಸರಿಹೋಯಿತು. 1928ರ ನವೆಂಬರ್ 18ಕ್ಕೆ ಕಾಲನಿ ಚಿತ್ರಮಂದಿರದಲ್ಲಿ ಬಿಡುಗಡೆ. ಮುಂದಿನದು ನಿಮಗೆಲ್ಲ ಗೊತ್ತಿರೋದೇ.

ಚೆಂಡಿನಿಂದ ತಾಳ, ಡಿ ಫಾರೆಸ್ಟ್‌ನ ಯಂತ್ರದ ನಕಲಿನಿಂದ ಧ್ವನಿ. "ಮೊದಲ ಧ್ವನಿ ಕಾರ್ಟೂನು" ನಿಂತಿದ್ದು ನಾಯಿ ನಿಂತಿದ್ದ ಅದೇ ಎರಡು ಕಾಲಿನ ಮೇಲೆ.

ಡಿಸ್ನಿ ಕದ್ದ ಅಂತ ನಾನು ಹೇಳ್ತಾ ಇಲ್ಲ. ಮಂದಿರಕ್ಕೆ ಹೋಗುತ್ತಿದ್ದವರೆಲ್ಲ ನೋಡಿದ್ದ ಉಪಾಯ ಅದು. ಜೊತೆಗೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇಲಿ ಮೇಲು ಅಂತ ಒಪ್ಪಿಕೊಳ್ಳಲೇಬೇಕು. ಅದರಲ್ಲಿ ಆಡಿನ ಬಾಯಿ, ಹಸುವಿನ ಹಲ್ಲು, ಅಡುಗೆ ಪಾತ್ರೆ, ಎಲ್ಲವೂ ವಾದ್ಯ. ಧ್ವನಿ ಇಲ್ಲದಿದ್ದರೆ ಆ ಚಿತ್ರವೇ ಇಲ್ಲ. ನಾಯಿಯ ಚಿತ್ರ ಹಾಗಲ್ಲ, ಧ್ವನಿ ತೆಗೆದರೂ ನಡೆಯುತ್ತೆ, ಹಾಡೋಕೆ ಜನ ಇದ್ದರಾಯಿತು. ನನಗೆ ಕಾಣೋ ವ್ಯತ್ಯಾಸ ಬೇರೆ. ಫ್ಲೈಶರರ ಚೆಂಡು ಕಾಣಬೇಕಾದದ್ದು ಜನರಿಗೆ. ಡಿಸ್ನಿಯ ಚೆಂಡು ಕಾಣಿಸಿದ್ದು ಒಬ್ಬ ನಿರ್ದೇಶಕನಿಗೆ ಮಾತ್ರ. ನಾವು ನೋಡೋ ಪ್ರತಿಯಲ್ಲಿ ಅದು ಇಲ್ಲ. ಒಂದರಲ್ಲಿ ನಾವು ವಾದ್ಯವೃಂದ, ಇನ್ನೊಂದರಲ್ಲಿ ನಾವು ಪ್ರೇಕ್ಷಕರು. ಅಲ್ಲಿಂದ ಮುಂದೆ ಕಾರ್ಟೂನು ನೋಡೋದು ಅಂದರೆ ಬಾಯಿ ಮುಚ್ಚಿಕೊಂಡು ಕೂರೋದು ಅಂತ ಆಯಿತು.

ಫ್ಲೈಶರರು ಸುಮ್ಮನಿರಲಿಲ್ಲ. ಪ್ಯಾರಮೌಂಟ್ ಕಂಪನಿಗಾಗಿ 1929ರ ಫೆಬ್ರುವರಿಯಲ್ಲಿ "ಸ್ಕ್ರೀನ್ ಸಾಂಗ್ಸ್" ಅಂತ ಹೊಸ ಹೆಸರಲ್ಲಿ ಮತ್ತೆ ಚೆಂಡು ಪುಟಿಸಿದರು. 1938ರವರೆಗೆ ನಡೆಯಿತು. ಎಥೆಲ್ ಮರ್ಮನ್, ರೂಡಿ ವ್ಯಾಲಿ, ಮಿಲ್ಸ್ ಸಹೋದರರು, ಹೀಗೆ ರೇಡಿಯೋದಲ್ಲಿ ಹೆಸರು ಮಾಡಿದವರನ್ನು ಕರೆಸಿ, ಅರ್ಧ ನಿಜ ಮನುಷ್ಯರು, ಅರ್ಧ ಪ್ರಾಣಿಗಳು. ಮೊದಲು ಒಂದಿಷ್ಟು ಹುಚ್ಚಾಟ, ಆಮೇಲೆ ಗಾಯಕ ಬಂದು ಹಾಡು ಶುರು ಮಾಡ್ತಾನೆ, ಚೆಂಡು ಹೊರಡುತ್ತೆ. ಕೊನೆಯ ಸುತ್ತಿನಲ್ಲಿ ಎಷ್ಟೋ ಸಲ ಚೆಂಡಿನ ಬದಲು ಯಾವುದೋ ಪ್ರಾಣಿಯೋ ಬೊಂಬೆಯೋ ಪದಗಳ ಮೇಲೆ ಕುಪ್ಪಳಿಸುತ್ತೆ, ಪದಗಳೇ ಚಿತ್ರಗಳಾಗಿಬಿಡುತ್ತವೆ.

ಇದೇ ಸ್ಟುಡಿಯೋದಲ್ಲಿ 1930ರಲ್ಲಿ ಬಿಂಬೋ ಎಂಬ ನಾಯಿಗೆ ಜೋಡಿಯಾಗಿ ಒಬ್ಬ ಹಾಡುಗಾರ್ತಿ ಬಂದಳು. ಮೊದಲ ಚಿತ್ರದಲ್ಲಿ ಅವಳಿಗೂ ನಾಯಿಯ ಜೋಲು ಕಿವಿ! 1932ರ ಹೊತ್ತಿಗೆ ಕಿವಿಗಳು ಓಲೆಗಳಾಗಿ ಅವಳು ಪೂರ್ತಿ ಹೆಣ್ಣಾದಳು. ಬೆಟ್ಟಿ ಬೂಪ್. ಅವಳ 1933ರ "ಬೆಟ್ಟಿ ಬೂಪ್ಸ್ ಕ್ರೇಜಿ ಇನ್ವೆನ್ಷನ್ಸ್" ನೋಡಿದರೆ ಮ್ಯಾಕ್ಸ್ ತನ್ನ ಪಾಪ್ಯುಲರ್ ಸೈನ್ಸ್ ದಿನಗಳನ್ನೇ ಗೇಲಿ ಮಾಡಿಕೊಂಡ ಹಾಗಿದೆ. ಬೆಟ್ಟಿ, ಬಿಂಬೋ, ಕೊಕೊ ಸೇರಿ ಆವಿಷ್ಕಾರಗಳ ಪ್ರದರ್ಶನ ಇಟ್ಟಿರುತ್ತಾರೆ. ಸೂಪನ್ನು ಸೊರ್ರ್ ಅಂತ ಕುಡಿಯುವವರ ಸದ್ದಡಗಿಸುವ ಯಂತ್ರ, ಜೋಳದ ತೆನೆ ತಿನ್ನೋಕೆ ಒಂದು ಯಂತ್ರ, ಕಲೆ ತೆಗೆಯೋಕೆ ಒಂದು. ಎಲ್ಲಾ ಚೆನ್ನಾಗೇ ನಡೀತಿರುವಾಗ ತಾನೇ ದಾರ ಪೋಣಿಸಿಕೊಳ್ಳುವ ಹೊಲಿಗೆ ಯಂತ್ರಕ್ಕೆ ಹುಚ್ಚು ಹಿಡಿದು, ಕಂಡದ್ದನ್ನೆಲ್ಲ ಹೊಲಿಯುತ್ತಾ ಊರು ಸುತ್ತೋಕೆ ಹೊರಡುತ್ತೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಪ್ರೊಡಕ್ಷನ್ ಸರ್ವರಿನಲ್ಲಿ ಓಡಿಸಿ, ಅದು ನಿಲ್ಲದೇ ಹೋದಾಗ ನೋಡುತ್ತಾ ನಿಂತ ಯಾರಿಗಾದರೂ ಈ ಚಿತ್ರ ಬೇರೆ ಥರ ಅರ್ಥ ಆಗುತ್ತೆ :-) 1935ರಿಂದ ಗ್ರ್ಯಾಂಪಿ ಅನ್ನೋ ಅಜ್ಜ ಬಂದ ಮೇಲೆ ಯಂತ್ರಗಳು ಸಾಧುವಾದವು. ತಲೆ ಮೇಲೆ ದೀಪ ಇರೋ ಟೋಪಿ ಹಾಕಿಕೊಂಡು ಯೋಚಿಸಿ, ಅಡುಗೆಮನೆ ಸಾಮಾನಿನಿಂದ ಆಟಿಕೆ ಕಟ್ಟೋ ಅಜ್ಜ. ನನಗೆ ಅಜ್ಜನಿಗಿಂತ ಆ ಹೊಲಿಗೆ ಯಂತ್ರವೇ ಇಷ್ಟ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ವಿಷಯ ಹೇಳದೇ ಇದ್ದರೆ ಮೋಸ ಆಗುತ್ತೆ. ಅವತ್ತು ರಾತ್ರಿ ಖುಷಿಯಾಗಿ ಗುನುಗಿದೆನಲ್ಲ, "ಮೈ ಓಲ್ಡ್ ಕೆಂಟಕಿ ಹೋಮ್", ಮರುದಿನ ಅದರ ಬಗ್ಗೆ ಓದಿದೆ. ಸ್ಟೀಫನ್ ಫಾಸ್ಟರ್ ಬರೆದದ್ದು, ಪ್ರಕಟವಾದದ್ದು 1853ರಲ್ಲಿ. ಗುಲಾಮರ ಬದುಕಿನ ಹಾಡು. ಅದರಲ್ಲಿ ಕಪ್ಪು ಜನರನ್ನು ಕರೆಯೋ ಒಂದು ಹೀನ ಪದ ಇತ್ತು. ಅದು ಕೆಂಟಕಿ ರಾಜ್ಯದ ನಾಡಗೀತೆ ಬೇರೆ. ಆ ಪದವನ್ನು ಅಲ್ಲಿನ ಶಾಸನಸಭೆ ಬದಲಾಯಿಸಿದ್ದು 1986ರಲ್ಲಿ! 1926ರಲ್ಲಿ ಚೆಂಡು ಆ ಪದದ ಮೇಲೂ ಅಷ್ಟೇ ನಾಜೂಕಾಗಿ ಪುಟಿದಿತ್ತು, ಮಂದಿರದ ತುಂಬ ಜನ ಅದನ್ನೂ ರಾಗವಾಗಿ ಹಾಡಿದ್ದರು. ಅರ್ಥ ಗೊತ್ತಿಲ್ಲದೇ ನಾನೂ ಹಾಡಿದೆ. ಇದೇ ಸ್ಟುಡಿಯೋ ಮಿಲ್ಸ್ ಸಹೋದರರಂಥ ಕಪ್ಪು ಗಾಯಕರನ್ನು ಗೌರವವಾಗಿ ಪರದೆ ಮೇಲೆ ನಿಲ್ಲಿಸಿತು, ಇದೇ ಸ್ಟುಡಿಯೋ 1932ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್‌ನಂಥ ದೊಡ್ಡ ಕಲಾವಿದನ ಮುಖವನ್ನು ಕಾಡುಮನುಷ್ಯನ ವ್ಯಂಗ್ಯಚಿತ್ರದ ಜೊತೆ ಬೆರೆಸಿತು. ಎಲ್ಲರನ್ನೂ ಒಂದೇ ತಾಳಕ್ಕೆ ತರೋ ಉಪಾಯ ಯಾವ ಹಾಡಿಗಾದರೂ ಕೆಲಸ ಮಾಡುತ್ತೆ. ಅದು ನನಗೆ ಸ್ವಲ್ಪ ಹೆದರಿಕೆಯನ್ನೂ ಹುಟ್ಟಿಸಿತು.

ಸ್ಟುಡಿಯೋದ ಕೊನೆಯ ದಿನಗಳು ಚೆನ್ನಾಗಿರಲಿಲ್ಲ. 1937ರಲ್ಲಿ ಮುಷ್ಕರ, 1938ರಲ್ಲಿ ಗಂಟುಮೂಟೆ ಕಟ್ಟಿ ಮಯಾಮಿಗೆ, ಅಣ್ಣ ತಮ್ಮ ಮಾತು ಬಿಟ್ಟರು, ಸಾಲ. 1942ರ ಹೊತ್ತಿಗೆ ಪ್ಯಾರಮೌಂಟ್ ಎಲ್ಲವನ್ನೂ ಕೈಗೆ ತೆಗೆದುಕೊಂಡು ಫೇಮಸ್ ಸ್ಟುಡಿಯೋಸ್ ಅಂತ ಹೊಸ ಬೋರ್ಡು ಹಾಕಿತು. ಅವರು 1947ರಿಂದ 1951ರವರೆಗೆ ಸ್ಕ್ರೀನ್ ಸಾಂಗ್ಸನ್ನು ಬಣ್ಣದಲ್ಲಿ ಮತ್ತೆ ತಂದರು. ಸರ್ಕಸ್ಸಿನ ಪ್ರಾಣಿಗಳು, ಸಮುದ್ರದ ಮೀನುಗಳು, ಹಿಮದಲ್ಲಿ ಆಡುವ ಕಾಡುಪ್ರಾಣಿಗಳು, ಒಂದರ ಹಿಂದೆ ಒಂದು ನಗೆಹನಿ, ಕೊನೆಗೆ ಎರಡು ನಿಮಿಷ ಚೆಂಡು. ನಾಲ್ಕೈದು ನೋಡಿದೆ. ಚೆನ್ನಾಗೇ ಇವೆ, ಮಕ್ಕಳಿಗೆ ತೋರಿಸಬಹುದು. ಆದರೆ ಚೆಂಡು ಊಟದ ಕೊನೆಯ ಬಾಳೆಹಣ್ಣಿನ ಹಾಗೆ ಆಗಿಬಿಟ್ಟಿದೆ.

1955ರಲ್ಲಿ ಪ್ಯಾರಮೌಂಟ್ ತನ್ನ ಹಳೇ ಕಿರುಚಿತ್ರಗಳ ದೊಡ್ಡ ಗಂಟನ್ನೇ ಟೀವಿಗೆ ಹಂಚುವ ಕಂಪನಿಗೆ ಮಾರಿತು. ಕೊಂಡವರು ಶೀರ್ಷಿಕೆ ಫಲಕಗಳನ್ನೇ ಬದಲಾಯಿಸಿದರು. ತನ್ನ ಹೆಸರೇ ಮಾಯವಾಗಿದೆ ಅಂತ 1956ರಲ್ಲಿ ಮ್ಯಾಕ್ಸ್ ಮೊಕದ್ದಮೆ ಹೂಡಿದ. ಕಾಲ ಮೀರಿದೆ ಅಂತ ಅದು ಬಿದ್ದುಹೋಯಿತು. 1972ರಲ್ಲಿ, ಚಿತ್ರರಂಗದ ನಿವೃತ್ತರಿಗಾಗಿ ಇರುವ ಆಶ್ರಯದಲ್ಲಿ ಮ್ಯಾಕ್ಸ್ ತೀರಿಕೊಂಡ. ಕೋಲು ಕಾಣದ ಹಾಗೆ ಚೆಂಡು ಕುಣಿಸಿದವರ ಮನೆಯಲ್ಲಿ ಕೊನೆಗೆ ಹೆಸರೂ ಕಾಣಲಿಲ್ಲ.

ಮರೆವು ಎಷ್ಟು ತಮಾಷೆ ಅಂದರೆ, 1961ರಿಂದ 1964ರವರೆಗೆ ಅಲ್ಲಿ ಮಿಚ್ ಮಿಲ್ಲರ್ ಅನ್ನುವವನು ಟೀವಿಯಲ್ಲಿ ಜನರಿಂದ ಹಾಡಿಸುತ್ತಿದ್ದ. ಆ ಕಾರ್ಯಕ್ರಮದಲ್ಲಿ ಪುಟಿಯುವ ಚೆಂಡು ನೋಡಿದ ನೆನಪಿದೆ ಅಂತ ಎಷ್ಟೋ ಅಮೆರಿಕನ್ನರು ಆಣೆ ಮಾಡಿ ಹೇಳುತ್ತಾರೆ. ಅದರಲ್ಲಿ ಚೆಂಡು ಇರಲೇ ಇಲ್ಲ, ಬರೀ ಸಾಲುಗಳು! ಇನ್ನು 1986ರಿಂದ ಡಿಸ್ನಿ ಕಂಪನಿ ಮಕ್ಕಳಿಗಾಗಿ ಹಾಡಿನ ವಿಡಿಯೋ ಕ್ಯಾಸೆಟ್ಟುಗಳನ್ನು ತಂದಿತು. ಸಾಲಿನ ಮೇಲೆ ಪುಟಿಯುತ್ತಾ ಹೋಗೋದು ಏನು ಅಂದುಕೊಂಡಿರಿ? ಮಿಕ್ಕಿ ಇಲಿಯ ತಲೆ.

ನಮ್ಮ ಕಡೆಯೂ ಇದರ ದೂರದ ದಾಯಾದಿ ಒಂದಿದೆ. 2002ರಲ್ಲಿ ದೂರದರ್ಶನದ ಚಿತ್ರಹಾರ್‌ನಲ್ಲಿ ಹಿಂದಿ ಹಾಡುಗಳ ಕೆಳಗೆ ಹಿಂದಿಯಲ್ಲೇ ಸಾಲುಗಳು ಬರೋದಕ್ಕೆ ಶುರುವಾಯಿತು, ಹಾಡಿದ ಹಾಗೆ ಪದದ ಬಣ್ಣ ಬದಲಾಗುತ್ತಾ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾ­ರಿಯವರ ಯೋಚನೆ ಅದು. ಅಕ್ಷರ ಅಷ್ಟಿಷ್ಟು ಬಲ್ಲವರಿಗೆ ಹಾಡಿನ ನೆಪದಲ್ಲಿ ಓದುವ ರೂಢಿ ಉಳಿಯಲಿ ಅಂತ. ಅವರಿಗೆ ಇದು ಹೊಳೆದದ್ದು ಸ್ಪ್ಯಾನಿಷ್ ಕಲಿಯುವಾಗ ಒಂದು ಸ್ಪ್ಯಾನಿಷ್ ಸಿನಿಮಾ ನೋಡುತ್ತಾ, ಸಾಲುಗಳೂ ಸ್ಪ್ಯಾನಿಷಿನಲ್ಲೇ ಇದ್ದಿದ್ದರೆ ಅಂತ ಅನ್ನಿಸಿ. ಇಲ್ಲಿ ಉದ್ದೇಶ ತಿರುಗುಮುರುಗು. ಫ್ಲೈಶರರ ಚೆಂಡು ಓದು ಬಲ್ಲವರಿಗೆ ಹಾಡು ಕಲಿಸಿತು, ಇದು ಹಾಡು ಬಲ್ಲವರಿಗೆ ಓದು ಕಲಿಸಲು ಹೊರಟಿದ್ದು.

ಇದನ್ನು ಬರೆಯುವಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಅವರ ಟ್ರಂಕಿನಲ್ಲಿ ಆ ಗುಲಾಬಿ ಬಣ್ಣದ ಹಾಡಿನ ಪುಸ್ತಕಗಳ ಒಂದು ಕಟ್ಟು ಇದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಕಳೆದ ಸಲ ಊರಿಗೆ ಹೋದಾಗ ಒಂದು ಪುಸ್ತಕ ತೆಗೆದು ಓದಿ ಅಂದೆ. ಅವರು ಓದಲಿಲ್ಲ, ಹಾಡಿದರು. ಹಾಡ್ತಾ ಹಾಡ್ತಾ ತೋರುಬೆರಳನ್ನು ಒಂದೊಂದು ಪದದ ಕೆಳಗೂ ಇಡುತ್ತಾ ಹೋದರು. ಆಗ ನನಗೆ ಈ ಚೆಂಡಿನ ವಿಷಯ ಏನೂ ಗೊತ್ತಿರಲಿಲ್ಲ, ಬೆರಳಿನ ಕಡೆ ಸರಿಯಾಗಿ ನೋಡಲೂ ಇಲ್ಲ. ಮುಂದಿನ ಸಲ ಹೋದಾಗ ನೋಡಬೇಕು, ಬೆರಳು ಪದಕ್ಕಿಂತ ಮುಂದೆ ಇರುತ್ತೋ, ಹಿಂದೆಯೋ ಅಂತ.

ನಿಮ್ಮ ಮನೆಯಲ್ಲೂ ಯಾರ ಹತ್ತಿರವಾದರೂ ಅಂಥ ಪುಸ್ತಕಗಳಿದ್ದರೆ ದಯವಿಟ್ಟು ತಿಳಿಸಿ. ಗಡಿಯಾರದ ವಿಷಯ ನನ್ನ ಕ್ವಿಜ್ ಜೊತೆಗಾರನಿಗೆ ಹೇಳಿದೆ. "ಗಡಿಯಾರ ನಿನ್ನ ಹತ್ತಿರ ಇರೋದು, ನೀನೇ ಹೋಗಿ ಕೊಟ್ಟು ಬಾ" ಅಂದ.